ಹಲಸಿನ ಮೈ, ಮೇಪಲ್ ನೆಕ್: ಹೊಸದಾಗಿ ಕಟ್ಟಿದ ಒಂದು ಎಲೆಕ್ಟ್ರಿಕ್ ಗಿಟಾರಿನ ಸೆಟಪ್

ಮೊದಲು ವಾದ್ಯದ ಪರಿಚಯ. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿಗಳು) ಇರುವ, ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರ್. ಮೈ ಹಲಸಿನ ಮರದ್ದು. ಮಲೆನಾಡಿನ ಮನೆಯೊಂದರ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ್ದ ಹಲಗೆಯನ್ನು ಊರಿನ ಬಡಗಿಯೊಬ್ಬರು ಮರ ಕೊರೆಯುವ ರೌಟರ್ ಯಂತ್ರ ಹಿಡಿದು ಕೊರೆದುಕೊಟ್ಟಿದ್ದರು. ವೀಣೆ ಮಾಡುವವರು ನೆಚ್ಚಿಕೊಂಡ ಮರ ಅದು. ನೆಕ್, ಅಂದರೆ ಬೆರಳಾಡುವ ಉದ್ದನೆಯ ಕತ್ತು, ಮಾತ್ರ ಸಿದ್ಧವಾಗಿ ಕೊಂಡದ್ದು: ಮೇಪಲ್ ಮರ, ಮೇಲೆ ಬೀಟೆಯ ಫ್ರೆಟ್‌ಬೋರ್ಡ್, 22 ಫ್ರೆಟ್ (ವೀಣೆಯ ಮೆಟ್ಟಿಲಿನಂಥ ಲೋಹದ ಅಡ್ಡಪಟ್ಟಿಗಳು), 25.5 ಇಂಚು ಅಂದರೆ 647.7 ಮಿ.ಮೀ. ಸ್ಕೇಲ್ (ತಂತಿ ನುಡಿಯುವ ಉದ್ದ). ಬ್ರಿಡ್ಜ್ (ಮೈ ಮೇಲೆ ತಂತಿಗಳನ್ನು ಹೊರುವ ತಟ್ಟೆ) ಅಲುಗಾಡದ ಬಗೆಯದು. ತಂತಿಗಳು ಮೈಯ ಹಿಂದಿನಿಂದ ತೂರಿ ಬರುತ್ತವೆ. ಮೇಲೆ ಪೀಠೋಪಕರಣಕ್ಕೆ ಹೊಡೆಯುವ ಪಿಯು ಪಾಲಿಶ್, ಸ್ಪ್ರೇ ಗನ್ನಿನಲ್ಲಿ, ದಪ್ಪಗೆ. ಈ ಪಾಲಿಶ್ ವಿಷಯ ನೆನಪಿರಲಿ. ಮುಂದೆ ಎರಡು ಕಡೆ ಬೇಕಾಗುತ್ತದೆ.

ಇದನ್ನು ಜೋಡಿಸಿದವರು ಬೆಂಗಳೂರಿನಲ್ಲಿ ಕೆಲಸ ಮಾಡುವ ಯುವಕ. ಚಿಕ್ಕಂದಿನಲ್ಲಿ ವೀಣೆ ಕಲಿತವರು. ಈಗ ಗಿಟಾರಿನಲ್ಲಿ ಕೀರ್ತನೆ ನುಡಿಸುತ್ತಾರೆ, ಗೆಳೆಯರ ಬ್ಯಾಂಡಿನಲ್ಲಿ ರಾಕ್ ಕೂಡ ನುಡಿಸುತ್ತಾರೆ. ಸೆಟಪ್ಪಿಗೆ, ಅಂದರೆ ತಂತಿಯ ಎತ್ತರ, ಸ್ವರ ಎಲ್ಲ ಹೊಂದಿಸಿಕೊಳ್ಳಲು, ನನ್ನ ಹತ್ತಿರ ಬಂದಾಗ ಅವರ ದೂರು ಐದು. ಬ್ರಿಡ್ಜಿನ ಸ್ಯಾಡಲ್‌ಗಳನ್ನು (ಒಂದೊಂದು ತಂತಿಯನ್ನು ಹೊರುವ ಚಿಕ್ಕ ತುಂಡುಗಳು) ಪೂರ್ತಿ ಇಳಿಸಿದರೂ 12ನೇ ಫ್ರೆಟ್‌ನಿಂದ ಮೇಲೆ ತಂತಿ ತುಂಬಾ ಎತ್ತರ. ಆದರೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ತಂತಿ ತಗುಲಿ ಗರಗರ ಅನ್ನುತ್ತದೆ. ಟ್ಯೂನರ್ ಹಿಡಿದು ಶ್ರುತಿ ಮಾಡಿದರೂ ಮೊದಲ ಫ್ರೆಟ್‌ಗಳ ಹತ್ತಿರ ಹಿಡಿದ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳು) ಅಪಶ್ರುತಿ. ಅತಿ ದಪ್ಪದ ಇ (E) ತಂತಿಯ ಇಂಟೊನೇಷನ್ (ಫ್ರೆಟ್ ಒತ್ತಿದಲ್ಲೆಲ್ಲ ಸ್ವರ ಸರಿಯಾಗಿ ಬರುವುದು) ಏನು ಮಾಡಿದರೂ ಕೂರುತ್ತಿಲ್ಲ. ಕೊನೆಯದು, ಆಂಪ್ಲಿಫೈಯರ್‌ಗೆ ಸಿಕ್ಕಿಸಿದ ಕೂಡಲೇ ಗುಂಯ್ ಅನ್ನುವ ಸದ್ದು.

ಬೇರೆ ಬೇರೆಯಾಗಿ ಕಾಣುವ ಈ ಐದರಲ್ಲಿ ಮೂರು ಒಂದೇ ಜಾಗದಿಂದ ಹೊರಟಿದ್ದವು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕೇ. ಹೊಸ ಗಿಟಾರಿನಲ್ಲಿ ದೂರು ಕೇಳಿಸುವ ಜಾಗ ಒಂದು, ಅದರ ಬೇರು ಇರುವ ಜಾಗ ಇನ್ನೊಂದು. ಕೇಳಿಸಿದಲ್ಲೇ ಸ್ಕ್ರೂ ತಿರುಗಿಸುತ್ತಾ ಹೋದರೆ ಪ್ರತಿ ತಿರುವೂ ಮುಂದಿನದನ್ನು ಕೆಡಿಸುತ್ತದೆ.

ಮುಟ್ಟುವ ಮೊದಲು

ಯಾವ ಸೆಟಪ್ಪೇ ಆಗಲಿ, ನಾನು ಮೊದಲು ಕೇಳುವ ಪ್ರಶ್ನೆ ಎರಡೇ. ಯಾವ ತಂತಿ ಹಾಕುತ್ತೀರಿ? ಯಾವ ಶ್ರುತಿಯಲ್ಲಿ ನುಡಿಸುತ್ತೀರಿ?

ಇವರು ಹಾಕುವುದು 10ರಿಂದ 46ರ ಸೆಟ್. ಅಂದರೆ ಅತಿ ಸಣ್ಣ ತಂತಿ 0.010 ಇಂಚು ದಪ್ಪ, ಅತಿ ದಪ್ಪದ್ದು 0.046 ಇಂಚು. ಈ ಸ್ಕೇಲಿನಲ್ಲಿ, ಸಾಮಾನ್ಯ ಶ್ರುತಿಯಲ್ಲಿ ಆರೂ ತಂತಿ ಸೇರಿ ನೆಕ್ಕನ್ನು ಸುಮಾರು 47 ಕಿಲೋ ಭಾರದಷ್ಟು ಎಳೆಯುತ್ತವೆ. 9ರಿಂದ 42ರ ಸೆಟ್ ಆದರೆ ಅದು 38 ಕಿಲೋ ಹತ್ತಿರಕ್ಕೆ ಇಳಿಯುತ್ತದೆ. ಇವರು ಎಲ್ಲ ತಂತಿಗಳನ್ನೂ ಅರ್ಧ ಸ್ವರ ಕೆಳಗೆ ಇಳಿಸಿ ನುಡಿಸುವವರು. ಅಷ್ಟರಲ್ಲೇ ಎಳೆತ ನೂರಕ್ಕೆ ಹನ್ನೊಂದು ಪಾಲು ಕಡಿಮೆಯಾಗುತ್ತದೆ. 47 ಇದ್ದದ್ದು 42 ಆಗುತ್ತದೆ. ನೆಕ್ ಬಾಗುವುದು ಈ ಎಳೆತಕ್ಕೆ ತಕ್ಕ ಹಾಗೆ. ಆದ್ದರಿಂದ ಬೇರೆ ಶ್ರುತಿಯಲ್ಲಿ ಸೆಟಪ್ ಮಾಡಿ, ಆಮೇಲೆ ಇಳಿಸಿಕೊಂಡರೆ ಮಾಡಿದ ಕೆಲಸ ಸರಿಹೋಗುವುದಿಲ್ಲ. ಇಲ್ಲಿ ಹೇಳುವ ಎಲ್ಲ ಅಳತೆಯೂ ಅವರ ಶ್ರುತಿಯಲ್ಲಿ, ಅವರ ತಂತಿಯಲ್ಲಿ ತೆಗೆದದ್ದು.

ಒಂದು ಸ್ಕ್ರೂವನ್ನೂ ಮುಟ್ಟದೆ ಅಳತೆ ಬರೆದುಕೊಂಡೆ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, 17ನೇ ಫ್ರೆಟ್ ಒತ್ತಿ ಹಿಡಿದು, 8ನೇ ಫ್ರೆಟ್‌ನ ಮೇಲೆ ತಂತಿಗೂ ಫ್ರೆಟ್‌ಗೂ ಎಷ್ಟು ಅಂತರ ಇದೆ ಅಂತ ಫೀಲರ್ ಗೇಜ್‌ನಲ್ಲಿ ನೋಡಬೇಕು. ಇದಕ್ಕೆ ರಿಲೀಫ್ ಅನ್ನುತ್ತಾರೆ. ಇಲ್ಲಿ ಅಂತರವೇ ಇರಲಿಲ್ಲ, ತಂತಿ ಫ್ರೆಟ್ ಮೇಲೆ ಕೂತಿತ್ತು. ಉಕ್ಕಿನ ನೇರಪಟ್ಟಿ ಇಟ್ಟು ನೋಡಿದರೆ ಫ್ರೆಟ್‌ಬೋರ್ಡಿನ ನಡು ಉಬ್ಬಿರುವುದು ಕಂಡಿತು. 17ನೇ ಫ್ರೆಟ್ ಮೇಲೆ ತಂತಿಯ ಎತ್ತರ 2.5 ಮಿ.ಮೀ. ಸ್ಯಾಡಲ್‌ಗಳು ಆಗಲೇ ತಳ ಮುಟ್ಟಿದ್ದವು. ಮೊದಲ ಫ್ರೆಟ್ ಮೇಲೆ ತೆರೆದ ತಂತಿಯ ಎತ್ತರ 0.9 ಮಿ.ಮೀ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಗೂ ನೆಕ್ ಕಡೆಯ ಪಿಕಪ್ಪಿನ ಮ್ಯಾಗ್ನೆಟ್‌ಗೂ ನಡುವೆ ಬರೀ 1 ಮಿ.ಮೀ.

ಬ್ರಿಡ್ಜ್ ಕೂರಿಸಿದ ಜಾಗ ಸರಿಯಾಗಿದೆಯೇ ಅನ್ನುವುದನ್ನೂ ನೋಡಲೇಬೇಕು. ಮನೆಯಲ್ಲಿ ಕಟ್ಟಿದ ಗಿಟಾರುಗಳಲ್ಲಿ ಇದು ತಪ್ಪಿದರೆ ಬೇರೆ ಯಾವ ಸರಿಪಡಿಕೆಯೂ ನಡೆಯುವುದಿಲ್ಲ. ನಟ್‌ನಿಂದ (ನೆಕ್ಕಿನ ತಲೆಯ ಬಳಿ ತಂತಿಗಳು ಕೂರುವ ಅಡ್ಡಪಟ್ಟಿ) 12ನೇ ಫ್ರೆಟ್‌ಗೆ 323.85 ಮಿ.ಮೀ. ಇರಬೇಕು. ಅಲ್ಲಿಂದ ಸಣ್ಣ ಇ ತಂತಿಯ ಸ್ಯಾಡಲ್‌ಗೆ ಅಷ್ಟೇ ದೂರ, ಜೊತೆಗೆ ಒಂದು ಚೂರು ಹೆಚ್ಚು. ಇಲ್ಲಿ ಅದು ಸರಿಯಾಗಿತ್ತು. ಬಡಗಿಯ ಗುರುತು ಕರಾರುವಾಕ್ಕಾಗಿತ್ತು, ಅದನ್ನು ಮೆಚ್ಚಲೇಬೇಕು.

ಈಗ ಆಗಿದ್ದೇನು ಅನ್ನುವುದು ಮೆಲ್ಲಗೆ ಬಿಚ್ಚಿಕೊಳ್ಳತೊಡಗಿತು. ಅವರನ್ನೇ ಕೇಳಿದೆ, ಟ್ರಸ್ ರಾಡ್ (ನೆಕ್ಕಿನ ಬಾಗು ಹೊಂದಿಸಲು ಅದರೊಳಗಿರುವ ಸರಳು) ತಿರುಗಿಸಿದ್ರಾ ಅಂತ.

"ಹೌದು ಸರ್. ತಂತಿ ಎತ್ತರ ಇತ್ತು, ಸ್ಯಾಡಲ್ ಇನ್ನು ಇಳೀತಾ ಇರ್ಲಿಲ್ಲ. ರಾಡ್ ಬಿಗಿ ಮಾಡಿದ್ರೆ ಕೆಳಗೆ ಬರುತ್ತೆ ಅಲ್ವಾ?"

ಬರುತ್ತದೆ, ಸ್ವಲ್ಪ. ಆದರೆ ಬರಬೇಕಾದ ಜಾಗದಲ್ಲಿ ಬರುವುದಿಲ್ಲ. ಟ್ರಸ್ ರಾಡ್ ಕೆಲಸ ಮಾಡುವುದು ನೆಕ್ಕಿನ ಬಯಲಾಗಿರುವ ಭಾಗದಲ್ಲಿ. ನೆಕ್ ಮೈಗೆ ಸೇರುವ ಜಾಗದಿಂದ ಮುಂದೆ, 16, 17ನೇ ಫ್ರೆಟ್ ಆಚೆಗೆ, ಅದರ ಮಾತು ನಡೆಯುವುದಿಲ್ಲ. ಬಿಗಿ ಮಾಡಿದಷ್ಟೂ ನೆಕ್ಕಿನ ನಡು ಉಬ್ಬಿತು, ಮೊದಲ ಫ್ರೆಟ್‌ಗಳಲ್ಲಿ ಗರಗರ ಶುರುವಾಯಿತು. ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎತ್ತರವಾಗಿಯೇ ಉಳಿಯಿತು. ತಂತಿ ಪಿಕಪ್‌ನಿಂದ ದೂರವಿದ್ದ ಕಾರಣ ಸದ್ದು ಸಪ್ಪೆ ಅನ್ನಿಸಿ, ಅವರು ಪಿಕಪ್‌ಗಳನ್ನು ಮೇಲೆತ್ತಿದ್ದರು. ಇಂಟೊನೇಷನ್ ತೊಂದರೆ ಶುರುವಾದದ್ದು ಅಲ್ಲಿಂದ. ಇಷ್ಟಕ್ಕೆಲ್ಲ ಮೂಲವಾದ ಪ್ರಶ್ನೆ ಒಂದೇ: ಸ್ಯಾಡಲ್ ತಳ ಮುಟ್ಟಿದರೂ ತಂತಿ ಯಾಕೆ ಎತ್ತರ?

ನೆಕ್ ಕೂರುವ ಗುಂಡಿ

ಈ ಮಾದರಿಯ ಗಿಟಾರಿನಲ್ಲಿ ನೆಕ್ಕನ್ನು ಅಂಟಿಸುವುದಿಲ್ಲ. ಮೈಯಲ್ಲಿ ಕೊರೆದ ಗುಂಡಿಯಲ್ಲಿ ಕೂರಿಸಿ ಹಿಂದಿನಿಂದ ನಾಲ್ಕು ಸ್ಕ್ರೂ ಹಾಕುತ್ತಾರೆ. ಗುಂಡಿಯ ಆಳ ಸಾಮಾನ್ಯವಾಗಿ 5/8 ಇಂಚು, ಸುಮಾರು 16 ಮಿ.ಮೀ. ನೆಕ್ಕಿನ ಬುಡದ ದಪ್ಪ ಒಂದು ಇಂಚು. ಇವೆರಡು ಸರಿಯಿದ್ದು, ಗುಂಡಿಯ ತಳ ಸಮವಾಗಿದ್ದರೆ ಸ್ಯಾಡಲ್‌ಗಳಿಗೆ ಮೇಲೆ ಕೆಳಗೆ ಹೋಗಲು ಬೇಕಾದಷ್ಟು ಜಾಗ ಸಿಗುತ್ತದೆ.

ನೆಕ್ಕಿಗೂ ಮೈಗೂ ನಡುವಿನ ಸಂದಿಯನ್ನು ಬದಿಯಿಂದ ಬೆಳಕಿಗೆ ಹಿಡಿದು ನೋಡಿದೆ. ತೆಳು ಕಾಗದದ ಚೂರು ಒಳಗೆ ಹೋಯಿತು. ನಾಲ್ಕು ಸ್ಕ್ರೂ ಬಿಗಿಯಾಗಿರುವಾಗ ಅಲ್ಲಿ ಕಾಗದ ಹೋಗಬಾರದು. ತಂತಿ ಬಿಚ್ಚಿ ನೆಕ್ ತೆಗೆದೆ. ಗುಂಡಿಯ ಬಾಯಿಯ ಕಡೆ, ಅಂದರೆ ನೆಕ್ಕಿನ ತಲೆಗೆ ಹತ್ತಿರದ ಅಂಚಿನಲ್ಲಿ, ಪಾಲಿಶ್ ಒಳಕ್ಕೆ ಹರಿದು, ಮರದ ಪುಡಿಯ ಸಮೇತ ಗಟ್ಟಿಯಾಗಿ ಒಂದು ದಿಂಡು ಕಟ್ಟಿತ್ತು. ಎತ್ತರ 0.6 ಮಿ.ಮೀ. ಸ್ಪ್ರೇ ಮಾಡುವ ಮೊದಲು ಗುಂಡಿಗೆ ಟೇಪ್ ಅಂಟಿಸಿರಲಿಲ್ಲ. ಮಂಚ, ಮೇಜಿಗೆ ಪಾಲಿಶ್ ಹೊಡೆಯುವಾಗ ಅದರ ಅಗತ್ಯ ಬರುವುದಿಲ್ಲ, ಗಿಟಾರಿಗೆ ಬೇಕು.

0.6 ಮಿ.ಮೀ. ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. ಗುಂಡಿಯ ಉದ್ದ ಸುಮಾರು 76 ಮಿ.ಮೀ. ಬಾಯಿಯ ಕಡೆ 0.6 ಎತ್ತರವಾದರೆ ನೆಕ್ ಪೂರ್ತಿ ಮುಂದಕ್ಕೆ ವಾಲುತ್ತದೆ. ಗುಂಡಿಯ ಹಿಂದಿನ ಅಂಚಿನಿಂದ ಬ್ರಿಡ್ಜ್‌ಗೆ ಸುಮಾರು 180 ಮಿ.ಮೀ. ದೂರ. ಅಲ್ಲಿಗೆ ಬರುವಷ್ಟರಲ್ಲಿ ಆ ವಾಲಿಕೆ ಸುಮಾರು 1.4 ಮಿ.ಮೀ. ಆಗಿರುತ್ತದೆ. ಅಂದರೆ ಸ್ಯಾಡಲ್‌ಗಳು ಇರಬೇಕಾದ್ದಕ್ಕಿಂತ 1.4 ಮಿ.ಮೀ. ಇನ್ನೂ ಕೆಳಗೆ ಇಳಿಯಬೇಕು. ಅಷ್ಟು ಇಳಿಯಲು ಅವಕ್ಕೆ ಜಾಗವೇ ಇರಲಿಲ್ಲ.

ಇಂಥ ಕಡೆ ಹಲವರು ಗುಂಡಿಯ ಹಿಂದಿನ ತುದಿಯಲ್ಲಿ ತೆಳು ಚಕ್ಕೆ ಇಟ್ಟು ನೆಕ್ಕನ್ನು ಹಿಂದಕ್ಕೆ ವಾಲಿಸುತ್ತಾರೆ. ಅದಕ್ಕೆ ಶಿಮ್ ಅಂತ ಹೆಸರು. ಅದು ತಪ್ಪು ವಿಧಾನವಲ್ಲ. ಕಾರ್ಖಾನೆಯಿಂದ ಬಂದ ಗಿಟಾರುಗಳಲ್ಲೂ ಶಿಮ್ ಸಿಗುತ್ತದೆ. ಆದರೆ ಇಲ್ಲಿ ಶಿಮ್ ಇಟ್ಟಿದ್ದರೆ ಮುಂದೆ ಪಾಲಿಶ್, ಹಿಂದೆ ಚಕ್ಕೆ, ನಡುವೆ ಟೊಳ್ಳು ಆಗುತ್ತಿತ್ತು. ಕಾರಣ ಕಣ್ಣ ಮುಂದೆಯೇ ಇರುವಾಗ ಅದನ್ನೇ ತೆಗೆಯಬೇಕು. ಅಗಲ ಉಳಿಯಿಂದ ದಿಂಡನ್ನು ಕೆರೆದು, ಚಿಕ್ಕ ಮರದ ತುಂಡಿಗೆ ಮರಳು ಕಾಗದ ಸುತ್ತಿ ತಳ ಸಮ ಮಾಡಿದೆ. ಸ್ಟೀಲ್ ಸ್ಕೇಲನ್ನು ಅಡ್ಡಡ್ಡ, ಉದ್ದುದ್ದ ಇಟ್ಟು ಬೆಳಕು ಎಲ್ಲೂ ತೂರುವುದಿಲ್ಲ ಅಂತ ನೋಡಿಕೊಂಡೆ.

ಇನ್ನೊಂದು ಸಣ್ಣ ಸಂಗತಿ. ಮೈಯಲ್ಲಿರುವ ನಾಲ್ಕು ತೂತುಗಳಲ್ಲಿ ಸ್ಕ್ರೂ ಸಲೀಸಾಗಿ ಜಾರಬೇಕು, ಅದರ ಸುತ್ತುಗೆರೆ ನೆಕ್ಕಿನ ಮರದಲ್ಲಿ ಮಾತ್ರ ಕಚ್ಚಬೇಕು. ಇಲ್ಲಿ ಸ್ಕ್ರೂ ಹಲಸಿನಲ್ಲೂ ಕಚ್ಚುತ್ತಿತ್ತು. ಎರಡೂ ಕಡೆ ಕಚ್ಚಿದರೆ ಸ್ಕ್ರೂ ಎಷ್ಟು ಬಿಗಿ ಮಾಡಿದರೂ ನೆಕ್ ಮೈಗೆ ಎಳೆದುಕೊಂಡು ಕೂರುವುದಿಲ್ಲ. ಮೈಯ ತೂತುಗಳನ್ನು ಒಂದು ಸೈಜ್ ದೊಡ್ಡ ಡ್ರಿಲ್ ಬಿಟ್‌ನಿಂದ ಬಿಡಿಸಿದೆ. ಆಮೇಲೆ ನೆಕ್ ಕೂರಿಸಿದಾಗ ಕಾಗದ ಎಲ್ಲೂ ಹೋಗಲಿಲ್ಲ.

ಟ್ರಸ್ ರಾಡ್, ಫ್ರೆಟ್, ನಟ್

ನೆಕ್ ಬಿಚ್ಚಿಟ್ಟಿದ್ದಾಗಲೇ ರಾಡನ್ನು ಸಡಿಲ ಮಾಡಿದ್ದೆ. ತಂತಿ ಕಟ್ಟಿ, ಶ್ರುತಿ ಮಾಡಿ, ಆಮೇಲೆ ಕಾಲು ಕಾಲು ಸುತ್ತು ತಿರುಗಿಸುತ್ತಾ, ಪ್ರತಿ ಸಲ ಶ್ರುತಿ ಮತ್ತೆ ಸರಿಮಾಡಿ ಅಳೆಯುತ್ತಾ ಬಂದೆ. ಇಲ್ಲಿ ಅವಸರ ಮಾಡಬಾರದು. ಮರ ತಿರುಗಿಸಿದ ಕೂಡಲೇ ಪೂರ್ತಿ ಓಗೊಡುವುದಿಲ್ಲ, ನಿಧಾನವಾಗಿ ಬರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಅಳೆದರೆ ಸಂಖ್ಯೆ ಬದಲಾಗಿರುತ್ತದೆ.

ನೆಕ್ ಪೂರ್ತಿ ನೇರ ಇರಬಾರದಾ ಅಂತ ಅವರು ಕೇಳಿದರು. ಮಕ್ಕಳು ಹಗ್ಗದಾಟ ಆಡುವಾಗ ಹಗ್ಗ ನಡುವಿನಲ್ಲಿ ಅಗಲವಾಗಿ ತಿರುಗುತ್ತದಲ್ಲ, ಮೀಟಿದ ತಂತಿಯೂ ಹಾಗೆಯೇ. ಆ ಜಾಗದಲ್ಲಿ ಫ್ರೆಟ್‌ಗಳು ಒಂದು ಕೂದಲಿನಷ್ಟು ತಗ್ಗಿದ್ದರೆ ತಂತಿಗೆ ಓಡಾಡಲು ಜಾಗ. ಫೆಂಡರ್ ಕಂಪನಿ ತನ್ನ ಗಿಟಾರುಗಳಿಗೆ ಹೇಳುವ ಅಳತೆ, ಇಂಥ ಫ್ರೆಟ್‌ಬೋರ್ಡಿಗೆ, 0.010 ಇಂಚು. ಅಂದರೆ 0.25 ಮಿ.ಮೀ. ನಾನು ಅಲ್ಲಿಗೇ ನಿಲ್ಲಿಸಿದೆ. ಈ ರಾಡ್ ಇಲ್ಲದ ಕಾಲವೂ ಇತ್ತು. ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. 1950ರಲ್ಲಿ ಬಂದ ಫೆಂಡರ್ ಎಸ್ಕ್ವೈರ್ ಗಿಟಾರುಗಳ ಮೊದಲ ತಂಡದಲ್ಲಿ ರಾಡ್ ಇರಲಿಲ್ಲ. ನೆಕ್ ಬಾಗುವುದು ಕಂಡ ಮೇಲೆ ಸೇರಿಸಿದರು. ತಂತಿಯ ಎಳೆತಕ್ಕೆ ಎದುರಾಗಿ ನಿಲ್ಲುವುದಷ್ಟೇ ಅದರ ಕೆಲಸ. ತಂತಿಯ ಎತ್ತರ ಇಳಿಸುವ ಸಾಧನ ಅಂತ ಅದನ್ನು ಬಳಸಬಾರದು.

ರಿಲೀಫ್ ಬಂದ ಕೂಡಲೇ ಮೊದಲ ಫ್ರೆಟ್‌ಗಳ ಗರಗರ ಹೋಯಿತು. ಆದರೆ 14ನೇ ಫ್ರೆಟ್ ಹತ್ತಿರ ಒಂದು ಸಣ್ಣ ಕಿರುಕುಳ ಉಳಿಯಿತು. ಮೂರು ಫ್ರೆಟ್ ಮೇಲೆ ಕೂರುವ ಚಿಕ್ಕ ನೇರಪಟ್ಟಿ ಇಟ್ಟರೆ ಅಲ್ಲಿ ತೂಗಾಡುತ್ತಿತ್ತು. 15ನೇ ಫ್ರೆಟ್ ತುಸು ಎತ್ತರ. ಹೊಸ ನೆಕ್‌ಗಳಲ್ಲಿ ಇದು ಸಾಮಾನ್ಯ. ಅದರ ನೆತ್ತಿಗೆ ಮಾರ್ಕರ್ ಬಳಿದು, ಸಮತಟ್ಟಾದ ಪಟ್ಟಿಯಲ್ಲಿ ನುಣುಪು ಕಾಗದ ಅಂಟಿಸಿ ಎತ್ತರದ ಭಾಗವನ್ನು ಮಾತ್ರ ತೆಗೆದು, ಮತ್ತೆ ದುಂಡಗೆ ಮಾಡಿ ಹೊಳಪು ಕೊಟ್ಟೆ. ಕೊನೆಯ ನಾಲ್ಕೈದು ಫ್ರೆಟ್‌ಗಳನ್ನೂ ಒಂದು ಎಳೆಯಷ್ಟು ಇಳಿಜಾರು ಮಾಡಿದೆ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ನಟ್ ಬೇರೆಯದೇ ದೂರು. ಇದಕ್ಕೂ ಪಾಲಿಶ್‌ಗೂ ಸಂಬಂಧ ಇಲ್ಲ. ಕೊಂಡ ನೆಕ್ಕಿನಲ್ಲಿ ಮೂಳೆಯ ನಟ್ ಇತ್ತು, ಆದರೆ ಅದರಲ್ಲಿ ತಂತಿ ಕೂರುವ ಗೀರುಗಳನ್ನು ಪೂರ್ತಿ ಇಳಿಸಿರಲಿಲ್ಲ. ಬೇಕಾದಷ್ಟು ಇಳಿಸಿಕೊಳ್ಳಲಿ ಅಂತ ತಯಾರಕರು ಹಾಗೆ ಬಿಡುತ್ತಾರೆ. 0.9 ಮಿ.ಮೀ. ಎತ್ತರದಿಂದ ಮೊದಲ ಫ್ರೆಟ್‌ಗೆ ತಂತಿ ಒತ್ತಿದರೆ ಅದು ಅಷ್ಟು ಹೆಚ್ಚು ಎಳೆದುಕೊಳ್ಳುತ್ತದೆ, ಸ್ವರ ಏರುತ್ತದೆ. ತೆರೆದ ತಂತಿ ಟ್ಯೂನರಿನಲ್ಲಿ ಸರಿ ತೋರಿಸುತ್ತದೆ, ಎಫ್ ಕಾರ್ಡ್ ಹಿಡಿದರೆ ಕಿವಿಗೆ ಕಚ್ಚುತ್ತದೆ. ಮೇಲಿನ ಫ್ರೆಟ್‌ಗಳಿಗೆ ಹೋದಂತೆ ತೊಂದರೆ ಕಡಿಮೆಯಾಗುತ್ತದೆ. ಕಾರ್ಡ್ ಅಪಶ್ರುತಿ ಅಂದ ಕೂಡಲೇ ಹಲವರು ಬ್ರಿಡ್ಜಿನ ಇಂಟೊನೇಷನ್ ಸ್ಕ್ರೂಗೆ ಕೈ ಹಾಕುತ್ತಾರೆ. ಮೊದಲ ಮೂರು ಫ್ರೆಟ್‌ಗಳಲ್ಲಿ ಮಾತ್ರ ಏರುಶ್ರುತಿ ಇದ್ದರೆ ನೋಡಬೇಕಾದ್ದು ನಟ್.

ಒಂದೊಂದು ತಂತಿಗೂ ಅದರ ದಪ್ಪಕ್ಕೆ ಹೊಂದುವ ಅರ ಬೇಕು. ಅರವನ್ನು ನೆಕ್ಕಿನ ತಲೆಯ ಕಡೆಗೆ ತುಸು ಇಳಿಸಿ ಹಿಡಿಯಬೇಕು. ತಂತಿ ಫ್ರೆಟ್‌ಬೋರ್ಡಿನ ಕಡೆಯ ಅಂಚಿನಲ್ಲೇ ಕೂರಬೇಕು. ಇಲ್ಲದಿದ್ದರೆ ತೆರೆದ ತಂತಿ ಸಿತಾರಿನಂತೆ ಝೇಂಕರಿಸುತ್ತದೆ. ತಂಬೂರಿಯಲ್ಲಿ ಜೀವಾಳ ಇಟ್ಟು ಬೇಕೆಂದೇ ತರಿಸುವ ನಾದ ಅದು, ಇಲ್ಲಿ ಬೇಡ. ಎರಡು, ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ ಹಿಡಿದಾಗ ಮೊದಲ ಫ್ರೆಟ್ ಮೇಲೆ ಬೆಳಕಿನ ಒಂದು ಗೆರೆ ಮಾತ್ರ ಕಾಣಬೇಕು. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದೆರಡು ಸಲ ಉಜ್ಜಿದರೆ ನಟ್ಟೇ ಬದಲಾಯಿಸಬೇಕಾಗಬಹುದು. ದಪ್ಪ ತಂತಿ 0.5 ಮಿ.ಮೀ., ಸಣ್ಣ ತಂತಿ 0.4 ಮಿ.ಮೀ. ಹತ್ತಿರ ಬಂದಾಗ ಬಿಟ್ಟೆ. ಎಫ್ ಕಾರ್ಡ್ ಸರಿಹೋಯಿತು.

ಎಳೆದು ನುಡಿಸುವವರಿಗೆ ಎಷ್ಟು ಎತ್ತರ?

ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ ಭಾಗ ಇದು.

ಈಗ ಸ್ಯಾಡಲ್‌ಗಳನ್ನು ಎಷ್ಟು ಬೇಕಾದರೂ ಇಳಿಸಬಹುದಿತ್ತು. ಅವರಿಗೂ ತಂತಿ ಆದಷ್ಟು ಕೆಳಗೆ ಬೇಕಿತ್ತು. ಫೆಂಡರ್‌ನ ಅಳತೆ 17ನೇ ಫ್ರೆಟ್‌ನಲ್ಲಿ 1.6 ಮಿ.ಮೀ. ಅಷ್ಟಕ್ಕೆ ಇಟ್ಟು ನುಡಿಸಲು ಕೊಟ್ಟೆ. ಕಾರ್ಡ್, ಸಾಮಾನ್ಯ ಸೋಲೊ ಎಲ್ಲ ಚೆನ್ನಾಗಿತ್ತು. ಆಮೇಲೆ ತೋಡಿ ರಾಗ ಹಿಡಿದರು. ಮೇಲಿನ ಸ್ಥಾಯಿಯಲ್ಲಿ ಸಣ್ಣ ತಂತಿಯನ್ನು ಅಡ್ಡ ಎಳೆದ ಕೂಡಲೇ ಸ್ವರ ಅರ್ಧಕ್ಕೇ ಸತ್ತಿತು.

ವೀಣೆಯಲ್ಲಿ ಇದು ಆಗುವುದಿಲ್ಲ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಎತ್ತರವಾಗಿ ಕೂತಿರುತ್ತವೆ, ಮತ್ತು ಪ್ರತಿ ಮೆಟ್ಟಿಲೂ ಅಡ್ಡಕ್ಕೆ ನೇರವಾಗಿರುತ್ತದೆ. ತಂತಿಯನ್ನು ಎಷ್ಟು ಎಳೆದರೂ ಅದರ ಕೆಳಗಿನ ಲೋಹ ಅದೇ ಎತ್ತರದಲ್ಲಿರುತ್ತದೆ. ಈ ಗಿಟಾರಿನ ಫ್ರೆಟ್‌ಬೋರ್ಡ್ ಅಡ್ಡಕ್ಕೆ ಬಾಗಿದೆ. ಅದರ ರೇಡಿಯಸ್ 9.5 ಇಂಚು. ಅಂದರೆ 12ನೇ ಫ್ರೆಟ್ ಹತ್ತಿರ ಬೋರ್ಡಿನ ನಡು, ಅಂಚಿನ ತಂತಿಗಳ ಕೆಳಗಿನ ಜಾಗಕ್ಕಿಂತ ಸುಮಾರು 1 ಮಿ.ಮೀ. ಎತ್ತರ. ಸಣ್ಣ ಇ ತಂತಿಯನ್ನು ನಡುವಿಗೆ ಎಳೆದಂತೆ ಅದು ಈ ಗುಡ್ಡ ಹತ್ತಬೇಕು. ಸ್ಯಾಡಲ್ ಮಾತ್ರ ಅಂಚಿನಲ್ಲೇ, ಕೆಳಗೇ ಇದೆ. ಬೆರಳಿನಿಂದ ಮೇಲಿನ ಫ್ರೆಟ್ ಒಂದಕ್ಕೆ ತಂತಿ ತಗುಲುತ್ತದೆ, ನಾದ ನಿಲ್ಲುತ್ತದೆ. ಹಳೆಯ ಫೆಂಡರ್ ಗಿಟಾರುಗಳ ರೇಡಿಯಸ್ 7.25 ಇಂಚು. ಅಲ್ಲಿ ಈ ಗುಡ್ಡ 1.3 ಮಿ.ಮೀ. ಆಗುತ್ತದೆ. 12 ಇಂಚಿನ ರೇಡಿಯಸ್‌ನಲ್ಲಿ 0.8ಕ್ಕೆ ಇಳಿಯುತ್ತದೆ. ಗಮಕಕ್ಕೆ ಗಿಟಾರ್ ಆರಿಸುವವರು ಬಣ್ಣ, ಬ್ರ್ಯಾಂಡ್‌ಗಿಂತ ಮೊದಲು ಈ ಸಂಖ್ಯೆ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಕೊನೆಯ ಫ್ರೆಟ್‌ಗಳನ್ನು ಇಳಿಜಾರು ಮಾಡಿದ್ದು ಇದಕ್ಕಾಗಿಯೇ. ಅದರ ಜೊತೆ ಎತ್ತರವನ್ನು 1.8 ಮಿ.ಮೀ.ಗೆ ಏರಿಸಿದೆ. 17ನೇ ಫ್ರೆಟ್‌ನಲ್ಲಿ 0.2 ಮಿ.ಮೀ. ಏರಲು ಸ್ಯಾಡಲನ್ನು ಸುಮಾರು 0.3 ಮಿ.ಮೀ. ಎತ್ತಬೇಕು. ಕೈಗೆ ತುಸು ಗಟ್ಟಿ ಅನ್ನಿಸಿದರೂ ಅವರು ಬೇಗ ಒಪ್ಪಿಕೊಂಡರು. ತಂತಿ ಕೆಳಗೆ ಇದ್ದಷ್ಟೂ ಬೆರಳಿನ ತುದಿ ಪಕ್ಕದ ತಂತಿಯ ಕೆಳಗೆ ನುಗ್ಗದೆ ಜಾರುತ್ತದೆ. ಎಳೆದು ನುಡಿಸುವವರಿಗೆ ತಂತಿಯಡಿ ಬೆರಳಿಗೆ ಒಂದು ಹಿಡಿತ ಬೇಕು. ಅದೂ ಈ ಎತ್ತರದಲ್ಲಿ ಸಿಕ್ಕಿತು.

ಪಿಕಪ್ ಮತ್ತು ಅಲೆಯುವ ಸ್ವರ

ದಪ್ಪ ಇ ತಂತಿಯ ಇಂಟೊನೇಷನ್ ದೂರನ್ನು ಇಲ್ಲಿಯವರೆಗೆ ಮುಟ್ಟಿರಲಿಲ್ಲ. ಮುಟ್ಟಿ ಪ್ರಯೋಜನವೂ ಇರಲಿಲ್ಲ. ಎತ್ತರ ಬದಲಾದಾಗಲೆಲ್ಲ ಇಂಟೊನೇಷನ್ ಬದಲಾಗುತ್ತದೆ, ಆದ್ದರಿಂದ ಅದು ಕೊನೆಯ ಕೆಲಸ.

12ನೇ ಫ್ರೆಟ್ ಒತ್ತಿ ಆ ತಂತಿ ಮೀಟಿದರೆ ಟ್ಯೂನರಿನ ಸೂಚಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಅಲೆಯುತ್ತಿತ್ತು. ಕಿವಿಗೂ ಎರಡು ಸ್ವರ ಒಟ್ಟಿಗೆ ನುಡಿದಂತೆ ವಂವಂ ಅನ್ನುವ ಬಡಿತ. ತಂತಿ ಕೆಟ್ಟಿದೆ ಅಂದುಕೊಂಡು ಅವರು ಆಗಲೇ ಸೆಟ್ ಬದಲಾಯಿಸಿದ್ದರು. ಆ ಅನುಮಾನ ಸಹಜ. ಹಳಸಿದ ತಂತಿಯೂ ಹೀಗೆ ಆಡಿಸುತ್ತದೆ. ಆದರೆ ಹೊಸ ತಂತಿಯಲ್ಲೂ ಬಡಿತ ಉಳಿದಾಗ ಪಿಕಪ್ ನೋಡಬೇಕು.

ಈ ಬಗೆಯ ಸಿಂಗಲ್ ಕಾಯಿಲ್ ಪಿಕಪ್ಪಿನಲ್ಲಿ ತಂತಿಯ ಕೆಳಗೆ ಕಾಣುವ ಆರು ಬೊಟ್ಟುಗಳೇ ಮ್ಯಾಗ್ನೆಟ್‌ಗಳು. ಹತ್ತಿರವಾದಷ್ಟೂ ಅವು ಉಕ್ಕಿನ ತಂತಿಯನ್ನು ಕೆಳಗೆ ಎಳೆಯುತ್ತವೆ. ಮೇಲೆ ಕೆಳಗೆ ಆಡುವ ಕಂಪನ ತುಸು ನಿಧಾನವಾಗುತ್ತದೆ, ಅಡ್ಡಡ್ಡ ಆಡುವುದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎರಡೂ ಸೇರಿ ಬಡಿತ ಹುಟ್ಟುತ್ತದೆ. ದಪ್ಪ ತಂತಿಯಲ್ಲಿ, ಮೇಲಿನ ಫ್ರೆಟ್‌ಗಳಲ್ಲಿ, ನೆಕ್ ಕಡೆಯ ಪಿಕಪ್ ಹತ್ತಿರ ಇದು ಜಾಸ್ತಿ. ಸ್ಥಿರವಾದ ಸ್ವರವೇ ಇಲ್ಲದಿರುವಾಗ ಸ್ಯಾಡಲನ್ನು ಎಲ್ಲಿಗೆ ಸರಿಸಿದರೂ ಸಂಖ್ಯೆ ಕೂರುವುದಿಲ್ಲ.

ಮೂರೂ ಪಿಕಪ್ ಇಳಿಸಿದೆ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿ.ಮೀ. ಬಡಿತ ಅಲ್ಲೇ ನಿಂತಿತು. ಸದ್ದಿನ ಬಲ ತುಸು ಕಡಿಮೆಯಾಯಿತು, ಆಂಪ್ಲಿಫೈಯರಿನ ವಾಲ್ಯೂಮ್ ಸ್ವಲ್ಪ ಏರಿಸಿದರೆ ಮುಗಿಯಿತು. ನಾದ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲತೊಡಗಿತು.

ಇಂಟೊನೇಷನ್ ಈಗ ಸಲೀಸು. 12ನೇ ಫ್ರೆಟ್‌ನ ಹಾರ್ಮೋನಿಕ್ ಸ್ವರ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ್ದು) ಮತ್ತು ಅದೇ ಫ್ರೆಟ್ ಒತ್ತಿದ ಸ್ವರ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಟ್ಯೂನರಿಗೆ ಕೇಬಲ್ ಸಿಕ್ಕಿಸಿ ನೋಡುವುದು ವಾಸಿ, ಕ್ಲಿಪ್ ಟ್ಯೂನರ್ ಇದಕ್ಕೆ ಸಾಲದು. ಮುಗಿದಾಗ ಸ್ಯಾಡಲ್‌ಗಳು ಎರಡು ಮೆಟ್ಟಿಲಾಗಿ ನಿಂತವು: ಮೇಲೆ ಲೋಹದ ಎಳೆ ಸುತ್ತಿದ ಮೂರು ದಪ್ಪ ತಂತಿಗಳದ್ದು ಒಂದು, ಸಾದಾ ಮೂರು ತಂತಿಗಳದ್ದು ಇನ್ನೊಂದು. ಸಾದಾ ಜಿ ತಂತಿಯದು ಡಿ ತಂತಿಗಿಂತ ಹಿಂದಕ್ಕೆ ಹೋಗುತ್ತದೆ. ಸುತ್ತಿದ ತಂತಿಯ ಒಳಗಿನ ಎಳೆ ತೆಳ್ಳಗಿರುವುದೇ ಕಾರಣ. ಇದು ಸರಿಯಾದ ಆಕಾರವೇ, ಗಾಬರಿ ಬೇಡ.

ಎಲ್ಲ ಮುಗಿದ ಮೇಲೂ ಅವರಿಗೆ ಒಂದು ಕೊರಗು. ತಂಬೂರಿ ಆ್ಯಪ್ ಹಾಕಿಕೊಂಡು ನುಡಿಸಿದಾಗ ಅಂತರ ಗಾಂಧಾರ ಏರಿದಂತೆ ಕೇಳುತ್ತದೆ ಅಂದರು. ಅವರ ಕಿವಿ ಸರಿಯಾಗಿಯೇ ಹೇಳಿತ್ತು. ಗಿಟಾರಿನ ಫ್ರೆಟ್‌ಗಳು ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡುತ್ತವೆ, ಒಂದೊಂದೂ 100 ಸೆಂಟ್. ಅಂತರ ಗಾಂಧಾರ 400 ಸೆಂಟ್‌ಗೆ ಬೀಳುತ್ತದೆ. ತಂಬೂರಿಯ ನಾದದೊಳಗೆ ತಾನೇ ಕೇಳಿಬರುವ ಗಾಂಧಾರ 5:4ರ ಪ್ರಮಾಣದ್ದು, 386 ಸೆಂಟ್. ಹದಿನಾಲ್ಕು ಸೆಂಟ್ ಅಂತರ. ಪಂಚಮದಲ್ಲಿ ಈ ಅಂತರ ಬರೀ 2 ಸೆಂಟ್, ಅದಕ್ಕೇ ಅದು ಕೇಳುವುದಿಲ್ಲ. ವೀಣೆಯಾದರೆ ಮೇಳ ಕಟ್ಟುವವರು ಮೇಣ ಕಾಯಿಸಿ ಮೆಟ್ಟಿಲನ್ನೇ ಸರಿಸಬಹುದು. ಇಲ್ಲಿ ಫ್ರೆಟ್ ಮರದಲ್ಲಿ ಹೂತಿದೆ. ಯಾವ ಸೆಟಪ್ಪೂ ಇದನ್ನು ಸರಿಮಾಡುವುದಿಲ್ಲ. ಹಾಗೆ ಮಾಡಿಕೊಡುತ್ತೇನೆ ಅನ್ನುವವರ ಮಾತು ನಂಬಬೇಡಿ ಅಂತ ಅವರಿಗೆ ಹೇಳಿದೆ. ತಂತಿ ಎಳೆದರೆ ಸ್ವರ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ದೀರ್ಘವಾಗಿ ನಿಲ್ಲುವ ಗಾಂಧಾರವನ್ನು ಒಂದು ಫ್ರೆಟ್ ಕೆಳಗಿನಿಂದ ಎಳೆದು ಹಿಡಿಯುವುದೇ ದಾರಿ. ಅವರಿಗೆ ವೀಣೆಯ ಕೈ ಇದ್ದದ್ದರಿಂದ ಅದು ತಟ್ಟನೆ ಒಲಿಯಿತು.

ಗುಂಯ್ ಸದ್ದು

ಇದು ಚಿಕ್ಕ ಕೆಲಸ. ತಂತಿ ಮುಟ್ಟಿದರೆ ಸದ್ದು ಬದಲಾಗುತ್ತಿರಲಿಲ್ಲ, ಜ್ಯಾಕಿನ ಲೋಹ ಮುಟ್ಟಿದರೆ ಕಡಿಮೆಯಾಗುತ್ತಿತ್ತು. ಅಂದರೆ ಬ್ರಿಡ್ಜ್‌ಗೆ ಅರ್ತ್ ಸಿಕ್ಕಿಲ್ಲ. ಮಲ್ಟಿಮೀಟರ್ ಇಟ್ಟರೆ ಸಂಪರ್ಕವೇ ಇಲ್ಲ. ಬ್ರಿಡ್ಜ್ ಬಿಚ್ಚಿ ನೋಡಿದರೆ ಅರ್ತ್ ವೈರಿನ ಬಿಡಿಸಿದ ತುದಿಯ ಮೇಲೂ ಪಾಲಿಶ್ ಕೂತಿತ್ತು. ಸ್ಪ್ರೇ ಮಾಡುವ ಮೊದಲೇ ವೈರ್ ತೂರಿಸಿದ್ದರಂತೆ. ತುದಿ ಕೆರೆದು, ಬ್ರಿಡ್ಜಿನ ತಟ್ಟೆಯ ಅಡಿಯನ್ನೂ ಉಜ್ಜಿ ಕೂರಿಸಿದೆ. ಈಗ ತಂತಿಗೆ ಕೈ ತಾಗಿದರೆ ಸದ್ದು ಬಹುಪಾಲು ಇಲ್ಲ. ಸಿಂಗಲ್ ಕಾಯಿಲ್‌ಗೆ ಸಹಜವಾದ 50 ಹರ್ಟ್ಸ್‌ನ ಸಣ್ಣ ಗುಂಯ್ ಉಳಿದಿದೆ. ನಡುವಿನ ಪಿಕಪ್ ತಿರುವುಮುರುವಾಗಿ ಸುತ್ತಿದ್ದು, ಆದ್ದರಿಂದ ಎರಡು ಪಿಕಪ್ ಒಟ್ಟಿಗೆ ನುಡಿಯುವ, ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಅದೂ ಅಡಗುತ್ತದೆ. ಒಳಗಿನ ಗುಂಡಿಗಳಿಗೆ ತಾಮ್ರದ ಹಾಳೆ ಅಂಟಿಸುವುದನ್ನು ಮುಂದಕ್ಕೆ ಬಿಟ್ಟಿದ್ದೇವೆ.

ಕೆಲವು ವಾರದ ನಂತರ

ಹೊಸ ನೆಕ್ ಮೊದಲ ಸಲ ತಂತಿಯ ಎಳೆತ ಹೊತ್ತುಕೊಳ್ಳುವಾಗ ಸ್ವಲ್ಪ ಕಾಲ ಸರಿದಾಡುತ್ತದೆ. ಆದ್ದರಿಂದ ಕೊಡುವಾಗಲೇ ಮತ್ತೆ ತನ್ನಿ ಅಂದಿದ್ದೆ. ತಂದಾಗ ರಿಲೀಫ್ 0.25ರಿಂದ 0.35ಕ್ಕೆ ಏರಿತ್ತು. ತಂತಿಯ ಎತ್ತರವೂ ಅದಕ್ಕೆ ತಕ್ಕಂತೆ ಏರಿತ್ತು. ರಾಡ್ ಕಾಲು ಸುತ್ತು ಬಿಗಿ ಮಾಡಿ, ಮರುದಿನ ಅಳೆದು, ಇಂಟೊನೇಷನ್ ಇನ್ನೊಮ್ಮೆ ನೋಡಿದೆ. ಸ್ಯಾಡಲ್ ಮುಟ್ಟಬೇಕಾಗಲಿಲ್ಲ. ಒಣಹವೆಗೆ ಬೀಟೆಯ ಬೋರ್ಡ್ ಒಂದಿಷ್ಟು ಕುಗ್ಗಿ ಫ್ರೆಟ್‌ಗಳ ತುದಿ ಅಂಗೈಗೆ ತಗುಲುತ್ತಿದ್ದವು, ಅವನ್ನು ಅರದಿಂದ ದುಂಡು ಮಾಡಿದೆ.

ಎಲ್ಲ ಅಳತೆಗಳನ್ನೂ, ತಂತಿಯ ಸೆಟ್ ಮತ್ತು ಶ್ರುತಿಯ ಸಮೇತ, ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಪೆಟ್ಟಿಗೆಯೊಳಗೆ ಇಟ್ಟಿದ್ದೇನೆ. 20ನೇ ಫ್ರೆಟ್ ಆಚೆ ಸಣ್ಣ ತಂತಿಯನ್ನು ಎರಡು ಸ್ವರದಷ್ಟು ಎಳೆದರೆ ನಾದ ಇನ್ನೂ ಸ್ವಲ್ಪ ಕುಗ್ಗುತ್ತದೆ. ಅದು 9.5 ಇಂಚಿನ ಬೋರ್ಡಿನ ಮಿತಿ. ಅಟ್ಟದಲ್ಲಿ ಅದೇ ಹಲಸಿನ ಇನ್ನೊಂದು ಹಲಗೆ ಇದೆಯಂತೆ. ಅದಕ್ಕೆ 12 ಇಂಚಿನ ರೇಡಿಯಸ್‌ನ ನೆಕ್ ತರಿಸುತ್ತೇನೆ, ಪಾಲಿಶ್‌ಗೆ ಮೊದಲು ಗುಂಡಿಗೆ ಟೇಪ್ ನಾನೇ ಅಂಟಿಸುತ್ತೇನೆ ಅಂದಿದ್ದಾರೆ.